ಲೋಕಲ್ ಹಿಡಿಯುವ ಮೊದಲು ಪ್ರಾರ್ಥನೆ: ಮುಂಬಯಿ ಮನೆಗಳಿಗೆ ಬೆಳಗಿನ ಧ್ಯಾನದ ಸಮಗ್ರ ಮಾರ್ಗದರ್ಶಿ

ದಿನವನ್ನು ಪ್ರಾರ್ಥನೆಯಿಂದ ಶುರು ಮಾಡಬೇಕು ಅಂತ ಹೊರಟವರು ಬಹಳ ಜನ ಎರಡನೇ ವಾರದಲ್ಲೇ ಕೈಬಿಡುತ್ತಾರೆ. ಕೇಳಿದರೆ "ನನ್ನಲ್ಲಿ ವಿಶ್ವಾಸ ಕಡಿಮೆ" ಅನ್ನುತ್ತಾರೆ. ಡೊಂಬಿವಲಿ, ಭಾಂಡುಪ್, ಮೀರಾ ರೋಡ್ ಕಡೆಯ ಕನ್ನಡ ಕ್ರೈಸ್ತ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಐದು ಗಂಟೆಗೆ ಎದ್ದು ಕೂರಲು ನೋಡುವವರಲ್ಲಿ ವಿಶ್ವಾಸಕ್ಕೇನೂ ಬರ ಇಲ್ಲ. ಎಡವುವುದು ಕ್ರಮದಲ್ಲಿ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹೊತ್ತು ಎಂಬುದು ಗೊತ್ತಿರುವುದಿಲ್ಲ.

ಇಲ್ಲಿರುವುದು 20 ನಿಮಿಷದ ಕ್ರಮ. ಮೆಥಡಿಸ್ಟ್ ಸಭೆಯವರಾಗಲಿ (ಸಭೆ ಅಂದರೆ ಚರ್ಚ್), ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹಿನ್ನೆಲೆಯವರಾಗಲಿ, ಕಥೋಲಿಕರಾಗಲಿ, ಯಾರು ಬೇಕಾದರೂ ತಮಗೆ ಹೊಂದಿಸಿಕೊಳ್ಳಬಹುದು.

ಬೇಕಾಗುವ ಸಾಮಾನು

ಕಾಗದದ ಬೈಬಲ್ ಒಂದು, ನಿಮಗೆ ಸಲೀಸಾಗಿ ಓದಲು ಬರುವ ಭಾಷೆಯದು. ಹಳೆಯ ಸತ್ಯವೇದದ (ಕನ್ನಡ ಬೈಬಲ್‌ನ) ಉದ್ದುದ್ದ ವಾಕ್ಯಗಳು ತಲೆಗೆ ಹತ್ತದಿದ್ದರೆ ಸರಳ ಭಾಷಾಂತರ ತಗೊಳ್ಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. 40 ಪುಟದ ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು. ಹತ್ತು ರೂಪಾಯಿಯ ಪೆನ್ನಾದರೂ ಸರಿ, ಆದರೆ ಬೈಬಲ್ ಒಳಗೇ ಇರಬೇಕು. ಬೆಳಗ್ಗೆ ಪೆನ್ನು ಹುಡುಕಲು ಹೋದವರು ಫೋನ್ ಹಿಡಿದುಕೊಂಡು ವಾಪಸ್ ಬರುತ್ತಾರೆ.

ಅಲಾರಾಂಗೆ ಬೇರೆ ಗಡಿಯಾರ ಇಡಿ. ಮುಖ್ಯ ಸಾಮಾನು ಇದೇ. ಫೋನ್ ಅಲಾರಾಂ ಆದರೆ ಎದ್ದ ಕೂಡಲೇ ಕೈಯಲ್ಲಿ ಫೋನ್ ಇರುತ್ತದೆ. ಆಮೇಲೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಹಂತ 1: ನಿಮ್ಮ ಲೋಕಲ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ

"ನಾಳೆಯಿಂದ ನಾಲ್ಕೂವರೆಗೆ ಏಳ್ತೀನಿ" ಅಂತ ಶುರು ಮಾಡಬೇಡಿ. ಮೊದಲು ರೈಲಿನ ಟೈಮ್ ಹಿಡಿಯಿರಿ.

7:20ರ ಫಾಸ್ಟ್ ಲೋಕಲ್ ಅಂತ ಇಟ್ಟುಕೊಳ್ಳೋಣ. ಸ್ಟೇಷನ್‌ಗೆ ನಡೆಯಲು, ಬ್ರಿಜ್ ಹತ್ತಿಳಿಯಲು 20 ನಿಮಿಷ. ಅಂದರೆ 7:00ಕ್ಕೆ ಮನೆ ಬಿಡಬೇಕು. ಸ್ನಾನ, ಬಟ್ಟೆ, ತಿಂಡಿ, ಡಬ್ಬಾ ಕಟ್ಟುವುದಕ್ಕೆ ಒಂದು ಗಂಟೆ. 6:00 ಆಯಿತು. ಧ್ಯಾನಕ್ಕೆ 20 ನಿಮಿಷ, 5:40. ಎದ್ದು ಮುಖ ತೊಳೆಯಲು 10 ನಿಮಿಷ, 5:30. ಏಳು ಗಂಟೆ ನಿದ್ದೆ ಬೇಕಾದರೆ ರಾತ್ರಿ 10:30ಕ್ಕೆ ಮಲಗಿರಬೇಕು. ಈ ಕೊನೆಯ ಸಂಖ್ಯೆ ನೋಡಿ ನಗು ಬಂದರೆ ಮೊದಲು ಸರಿಮಾಡಬೇಕಾದ್ದು ರಾತ್ರಿಯನ್ನು.

ನಳದ ನೀರು ಬರುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ನೀರು ಐದರಿಂದ ಆರರವರೆಗೆ ಮಾತ್ರ ಬರುವ ಚಾಳ್‌ನಲ್ಲಿ (ಸಾಲುಕೋಣೆಗಳ ವಠಾರದಲ್ಲಿ) 5:40ಕ್ಕೆ ಕಣ್ಣು ಮುಚ್ಚಿ ಕೂತರೆ ಕಿವಿಯೆಲ್ಲ ಡ್ರಮ್ಮಿನ ಕಡೆಗೇ ಇರುತ್ತದೆ. ಅಂಥ ಮನೆಯಲ್ಲಿ ನೀರು ತುಂಬಿಸಿ ಮುಗಿಸಿ ಕೂರಿ. ದೇವರಿಗೆ 5:40 ಆದರೂ ಒಂದೇ, 6:05 ಆದರೂ ಒಂದೇ.

ಹಂತ 2: ಹಿಂದಿನ ರಾತ್ರಿ ಮೂರು ಕೆಲಸ

ನಾಳೆ ಓದುವ ಭಾಗಕ್ಕೆ ಗುರುತಿನ ಚೀಟಿ ಇಡಿ. ಬೈಬಲ್, ನೋಟ್‌ಬುಕ್, ಕನ್ನಡಕ ಕೂರುವ ಜಾಗದಲ್ಲೇ ಇಡಿ. ಫೋನನ್ನು ಚಾರ್ಜಿಗೆ ಹಾಕಿ, ಹಾಸಿಗೆಯಿಂದ ಕೈ ಚಾಚಿದರೆ ಸಿಗದಷ್ಟು ದೂರದಲ್ಲಿ ಬಿಡಿ.

ಜಾಗದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂಬ ಮಾತು ಬೈಬಲ್‌ನ ಮತ್ತಾಯ 6:6ರಲ್ಲಿದೆ (6ನೇ ಅಧ್ಯಾಯ, 6ನೇ ವಚನ). ಆದರೆ ಐದು ಜನ ಮಲಗುವ ಒನ್ ರೂಮ್ ಕಿಚನ್‌ನಲ್ಲಿ ಯಾವ ಕೋಣೆ, ಯಾವ ಬಾಗಿಲು? ಅಲ್ಲಿ ಅಡುಗೆಮನೆಯ ಮೂಲೆಯೇ ಕೋಣೆ. ಗೋಡೆಯ ಕಡೆ ಮುಖ ಮಾಡಿ ಕೂರಿ. ತಲೆಯ ಮೇಲೆ ಸೆರಗೋ ಶಾಲೋ ಎಳೆದುಕೊಂಡರೆ ಅರ್ಧ ಬಾಗಿಲು ಮುಚ್ಚಿದ ಹಾಗೇ. ಗ್ಯಾಲರಿ (ಬಾಲ್ಕನಿ) ಇದ್ದರೆ ಒಂದು ಕುರ್ಚಿ ಸಾಕು. ಬಿಲ್ಡಿಂಗಿನ ಟೆರೇಸ್ ನೆಚ್ಚಿಕೊಳ್ಳಬೇಡಿ, ಎಷ್ಟೋ ಸೊಸೈಟಿಗಳಲ್ಲಿ ಅದಕ್ಕೆ ಬೀಗ. ಎಲ್ಲೇ ಆಗಲಿ, ದಿನಾ ಅದೇ ಜಾಗ ಇರಲಿ. ಹಾಸಿಗೆಯ ಮೇಲೆ ಮಾತ್ರ ಬೇಡ. ಮೊಣಕಾಲೂರಿ ತಲೆಯನ್ನು ಹಾಸಿಗೆಗೆ ಒರಗಿಸಿದವರು "ಆಮೆನ್" ಅನ್ನುವುದು ಏಳು ಗಂಟೆಗೆ.

ಹಂತ 3: ಕೂತ ಮೊದಲ ಐದು ನಿಮಿಷ, ಒಂದು ಕೀರ್ತನೆ

ಮುಖ ತೊಳೆದು ನೀರು ಕುಡಿಯಿರಿ. ಚಹಾ ಮೊದಲೋ ಪ್ರಾರ್ಥನೆ ಮೊದಲೋ ಅಂತ ಕೆಲವರು ವಾದ ಮಾಡುತ್ತಾರೆ. ಚಹಾ ಕುಡಿಯದೆ ತಲೆ ಓಡದವರು ಕುಡಿದೇ ಕೂರಲಿ.

ಕೂತ ಮೇಲೆ ಒಂದು ನಿಮಿಷ ಸುಮ್ಮನಿರಿ. ಮನಸ್ಸು ಖಾಲಿ ಮಾಡುವ ಸಾಹಸ ಬೇಡ. "ಗ್ಯಾಸ್ ಬುಕ್ ಮಾಡಬೇಕು", "ಫೀಸ್ ಕಟ್ಟಬೇಕು" ಅಂತ ನೆನಪಾದರೆ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದು ಬಿಟ್ಟುಬಿಡಿ. ಬರೆದಿಟ್ಟ ಕೆಲಸ ಮತ್ತೆ ಮತ್ತೆ ಬಂದು ಕಾಡುವುದು ಕಡಿಮೆ.

ಆಮೇಲೆ ಒಂದು ಕೀರ್ತನೆ, ಅಂದರೆ ಬೈಬಲ್‌ನ ಕೀರ್ತನೆಗಳ ಪುಸ್ತಕದ ಒಂದು ಹಾಡು, ತುಟಿ ಅಲ್ಲಾಡಿಸಿ ನಿಧಾನವಾಗಿ. ಯಾವುದು ಓದುವುದು ಅಂತ ಹುಡುಕುತ್ತಾ ಹೊತ್ತು ಹೋಗದಿರಲು ಒಂದು ಲೆಕ್ಕ ಇದೆ. ಕೀರ್ತನೆಗಳು 150. ಇವತ್ತಿನ ತಾರೀಖು ತಗೊಂಡು 30 ಕೂಡಿಸುತ್ತಾ ಹೋಗಿ. 7ನೇ ತಾರೀಖಾದರೆ 7, 37, 67, 97, 127. ಐದರಲ್ಲಿ ಒಂದನ್ನು ಆರಿಸಿ, ಮುಂದಿನ ತಿಂಗಳು ಅದೇ ತಾರೀಖಿಗೆ ಇನ್ನೊಂದು. 29ನೇ ತಾರೀಖಿಗೆ 119ನೇ ಕೀರ್ತನೆ ಸಿಗುತ್ತದೆ. ಅದಕ್ಕೆ 176 ವಚನ! ಹೆದರಬೇಡಿ, ಅದು ಎಂಟೆಂಟು ವಚನಗಳ 22 ಭಾಗಗಳಾಗಿಯೇ ಇದೆ. ಒಂದು ಭಾಗ ಓದಿದರೆ ಸಾಕು. 31 ಇರುವ ತಿಂಗಳಲ್ಲಿ ಆ ಕೊನೆಯ ದಿನಕ್ಕೆ ಅದರದೇ ಇನ್ನೊಂದು ಭಾಗ.

ಲೆಕ್ಕವೇ ಬೇಡ ಅನ್ನುವವರು ಮೊದಲ ವಾರ 3, 5, 63, 90, 143 ಇಷ್ಟನ್ನೇ ಓದಲಿ. ಐದರಲ್ಲೂ ಒಂದಲ್ಲ ಒಂದು ಕಡೆ ಬೆಳಗಿನ ಮಾತೋ ರಾತ್ರಿ ಎಚ್ಚರವಿರುವ ಮಾತೋ ಇದೆ.

ಹಂತ 4: ಓದು, ಎಂಟು ನಿಮಿಷ

ಜಾಸ್ತಿ ಜನ ಎಡವುವ ಹಂತ ಇದು.

ಮೊದಲನೇ ತಪ್ಪು, ಜನವರಿ 1ಕ್ಕೆ ಆದಿಕಾಂಡದಿಂದ ಶುರು ಮಾಡುವುದು. ಪ್ರೊಟೆಸ್ಟಂಟ್ ಬೈಬಲ್‌ನ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ. ಆದಿಕಾಂಡದ ಕಥೆಗಳು ಸರಾಗವಾಗಿ ಓಡುತ್ತವೆ. ವಿಮೋಚನಕಾಂಡದ ಅರ್ಧದ ನಂತರ ಗುಡಾರದ ಅಳತೆಗಳು, ಆಮೇಲೆ ಯಾಜಕಕಾಂಡದ ಬಲಿ ನಿಯಮಗಳು. ಅಲ್ಲಿಗೆ ಫೆಬ್ರವರಿಯೂ ಬಂದಿರುತ್ತದೆ, ಗಾಡಿಯೂ ನಿಂತಿರುತ್ತದೆ. ಆ ಪುಸ್ತಕಗಳನ್ನು ಓದಲೇಬೇಕು, ಆದರೆ ಹೊಸಬರು ಬೆಳಗಿನ ಎಂಟು ನಿಮಿಷದಲ್ಲಲ್ಲ.

ಎರಡನೇ ತಪ್ಪು, ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟಲ್ಲಿ ಓದುವುದು. ಅದು ಶಕುನ ಕೇಳಿದ ಹಾಗಾಯಿತು. ಹೊಸ ವರ್ಷದ ವಾಗ್ದಾನದ (ದೇವರು ಕೊಟ್ಟ ಮಾತಿನ) ಒಂದು ವಚನವಿರುವ ಕಾರ್ಡನ್ನೇ ವರ್ಷಪೂರ್ತಿ ಓದುವುದೂ ಅದೇ ಜಾತಿ. ವಾಕ್ಯದ ಮುಂದೆ ಏನಿದೆ, ಹಿಂದೆ ಏನಿದೆ ಗೊತ್ತಿಲ್ಲದೆ ವಾಗ್ದಾನ ಯಾರಿಗೆ ಕೊಟ್ಟದ್ದು ಅಂತ ಹೇಗೆ ತಿಳಿಯಬೇಕು?

ಹೀಗೆ ಮಾಡಿ. ಯೇಸುಸ್ವಾಮಿಯ ಜೀವನ ಹೇಳುವ ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಬರೀ 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, ಘಟನೆ ಮೇಲೆ ಘಟನೆ. ಅಧ್ಯಾಯದ ಲೆಕ್ಕ ಬಿಟ್ಟು ದಿನಕ್ಕೊಂದು ಘಟನೆ ಓದಿ. ಮೊದಲನೇ ಅಧ್ಯಾಯದಲ್ಲೇ ದೀಕ್ಷಾಸ್ನಾನ, ಮೀನುಗಾರರನ್ನು ಕರೆದದ್ದು, ಸೀಮೋನನ ಅತ್ತೆಯ ಜ್ವರ, ಕುಷ್ಠರೋಗಿ ಎಲ್ಲ ಇದೆ. ಒಂದೇ ದಿನ ನುಂಗಿದರೆ ಯಾವುದೂ ನಿಲ್ಲುವುದಿಲ್ಲ. ಮಾರ್ಕ ಮುಗಿದ ಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ, 4 ಅಧ್ಯಾಯ. ಆಮೇಲೆ ಯಾಕೋಬನ ಪತ್ರ, 5 ಅಧ್ಯಾಯ. ರೂತಳ ಕಥೆ, 4 ಅಧ್ಯಾಯ. ಅದರ ನಂತರ ಯೋಹಾನನ ಸುವಾರ್ತೆ. ಕಥೋಲಿಕರಿಗೆ ಆಯಾ ದಿನದ ಬಲಿಪೂಜೆಯ (ಚರ್ಚಿನ ಆರಾಧನೆಯ) ವಾಚನಗಳು ನಿಗದಿಯಾಗಿಯೇ ಇರುತ್ತವೆ. ಅದರಲ್ಲಿ ಶುಭಸಂದೇಶದ (ಸುವಾರ್ತೆಯ) ಭಾಗವೊಂದೇ ಸಾಕು.

ಎರಡು ಸಲ ಓದಿ. ಮೊದಲ ಸಲ ಸುಮ್ನೆ, ಎರಡನೇ ಸಲ ಪೆನ್ನು ಹಿಡಿದು. ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ: ಏನಾಯಿತು, ಯೇಸುಸ್ವಾಮಿ ಏನು ಹೇಳಿದರು ಅಥವಾ ಮಾಡಿದರು, ಇವತ್ತು ನಾನು ಏನು ಮಾಡಬೇಕು.

ಮಾರ್ಕ 2:1-12 ತಗೊಂಡು ನೋಡೋಣ. ಪಾರ್ಶ್ವವಾಯು ಹೊಡೆದವನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಬಾಗಿಲಲ್ಲಿ ಜಾಗವಿಲ್ಲ, ಚಾವಣಿ ತೆಗೆದು ಇಳಿಸುತ್ತಾರೆ. ಇದು ಮೊದಲ ಸಾಲು. ಯೇಸುಸ್ವಾಮಿ ಹೊತ್ತು ತಂದವರ ನಂಬಿಕೆ ನೋಡಿದರು, ಮೊದಲು ಪಾಪ ಕ್ಷಮಿಸಿದರು, ನಡೆಯಲು ಹೇಳಿದ್ದು ಆಮೇಲೆ. ಇದು ಎರಡನೆಯದು. ಮೂರನೆಯದು ನಿಮ್ಮದು: "ಭಾಂಡುಪ್‌ನ ಅಕ್ಕ ಆಪರೇಷನ್ ಆಗಿ ಮಲಗಿದ್ದಾರೆ. ಸಂಜೆ ಇಳಿದು ನೋಡಿಕೊಂಡು ಬರಬೇಕು." "ಇನ್ನೂ ಪ್ರೀತಿಯಿಂದ ಇರಬೇಕು" ಅಂತ ಬರೆದರೆ ಅದು ಬರೆದ ಹಾಗಲ್ಲ. ಯಾರು, ಯಾವಾಗ, ಎಲ್ಲಿ ಅಂತ ಇರಲಿ.

ಹಂತ 5: ಪ್ರಾರ್ಥನೆ, ಆರು ನಿಮಿಷ

ಓದಿದ ಮೇಲೆ ಪ್ರಾರ್ಥನೆ ಯಾಕೆ, ಮೊದಲೇ ಯಾಕಲ್ಲ? ಎದ್ದ ತಕ್ಷಣ ಪ್ರಾರ್ಥನೆಗೆ ಕೂತವರ ಬಾಯಲ್ಲಿ ಬರುವುದು ನಿನ್ನೆ ರಾತ್ರಿಯ ಚಿಂತೆ. ಮೂರು ನಿಮಿಷದಲ್ಲಿ ಚಿಂತೆಯ ಪಟ್ಟಿ ಮುಗಿಯುತ್ತದೆ, ಆಮೇಲೆ ಏನು ಹೇಳುವುದು ಗೊತ್ತಾಗುವುದಿಲ್ಲ. ಓದಿದ ಮೇಲೆ ಮಾತು ತಾನಾಗಿ ಹುಟ್ಟುತ್ತದೆ. ಓದಿದ್ದಕ್ಕೇ ಉತ್ತರ ಕೊಡುವಂತೆ ಮೊದಲ ಎರಡು ವಾಕ್ಯ ಪ್ರಾರ್ಥಿಸಿ. "ಕರ್ತನೇ, ಆ ನಾಲ್ಕು ಜನರ ಹಾಗೆ ನಾನೂ ಒಬ್ಬರನ್ನು ನಿನ್ನ ಬಳಿಗೆ ತರಬೇಕು, ಧೈರ್ಯ ಕೊಡು" ಅಂದರೆ ಆಯಿತು.

ಮುಂದಕ್ಕೆ ಕರ್ತನು (ಯೇಸುಸ್ವಾಮಿ) ಕಲಿಸಿದ ಪ್ರಾರ್ಥನೆಯನ್ನೇ ದಾರಿ ಮಾಡಿಕೊಳ್ಳಿ, ಮತ್ತಾಯ 6:9-13. ಬಾಯಿಪಾಠ ಬರುವುದರಿಂದ ಅದನ್ನು ಅರ್ಧ ನಿಮಿಷದಲ್ಲಿ ಓಡಿಸುವುದು ನಮ್ಮ ಚಾಳಿ. ಒಂದೊಂದು ಮಾತಿನ ನಂತರ ನಿಲ್ಲಿ, ನಿಮ್ಮ ಇವತ್ತಿನ ದಿನವನ್ನು ಅದರೊಳಗೆ ಇಡಿ.

ಮೊದಲು ದೇವರ ನಾಮ, ರಾಜ್ಯ, ಚಿತ್ತ. ಬೇಡಿಕೆ ಆಮೇಲೆ. ಈ ಕ್ರಮ ತಿರುವುಮುರುವು ಮಾಡಬೇಡಿ. ಒಂದು ನಿಮಿಷ ಸ್ತುತಿ, ನಿನ್ನೆ ದೇವರು ಮಾಡಿದ ಒಂದು ಉಪಕಾರದ ಹೆಸರು ಹೇಳಿ.

ಅನುದಿನದ ಆಹಾರದ ಮಾತಿಗೆ ಬಂದಾಗ ಇವತ್ತಿನದನ್ನು ಕೇಳಿ. ಮನೆ ಬಾಡಿಗೆ, ಡಿಪಾಸಿಟ್, ಮಗನ ಇಂಟರ್ವ್ಯೂ, ಎಲ್ಲವನ್ನೂ ಇದ್ದ ಹಾಗೆ ಹೇಳಿ. ಸಭೆಯಲ್ಲಿ ಮೈಕ್ ಮುಂದೆ ಆಡುವ ದೊಡ್ಡ ದೊಡ್ಡ ಮಾತು ಇಲ್ಲಿ ಬೇಡ. ಬೀದರ್‌ನ ಕನ್ನಡವೋ ಮಂಗಳೂರಿನ ಕನ್ನಡವೋ, ಅಮ್ಮನ ಹತ್ತಿರ ಮಾತಾಡುವ ಕನ್ನಡದಲ್ಲೇ ಮಾತಾಡಿ.

ಕ್ಷಮೆಯ ಮಾತಿಗೆ ಬಂದಾಗ ಅವಸರ ಮಾಡಬೇಡಿ. ನಿಮ್ಮ ತಪ್ಪಿನ ಅರಿಕೆ ಮೊದಲು. ಆಮೇಲೆ ನೀವು ಕ್ಷಮಿಸಬೇಕಾದವರ ಹೆಸರು. ನೀರಿನ ಜಗಳದ ಪಕ್ಕದ ಮನೆಯವರು, ಪ್ರಮೋಷನ್ ತಪ್ಪಿಸಿದ ಬಾಸ್, ಊರಲ್ಲಿ ಜಮೀನು ಪಾಲಿಗೆ ನಿಂತ ಅಣ್ಣ. ಹೆಸರು ಹೇಳಲು ಗಂಟಲು ಕಟ್ಟಿದರೆ "ಇವತ್ತು ಆಗುತ್ತಿಲ್ಲ, ಸಹಾಯ ಮಾಡು" ಅಂತಾದರೂ ಹೇಳಿ. ಸುಳ್ಳು ಹೇಳಿ ಮುಂದೆ ಹೋಗಬೇಡಿ.

ಶೋಧನೆಯ (ಪಾಪಕ್ಕೆ ಸೆಳೆಯುವ ಪ್ರಲೋಭನೆಯ) ಮಾತಿಗೆ ಬಂದಾಗ, ಇವತ್ತು ನೀವು ಎಲ್ಲಿ ಜಾರಬಹುದು ಅಂತ ಮೊದಲೇ ಯೋಚಿಸಿ. ಹನ್ನೊಂದರ ಮೀಟಿಂಗ್‌ನಲ್ಲಿ ಕೋಪ, ಬಿಲ್ಲಿನಲ್ಲಿ ಸುಳ್ಳು ಸಂಖ್ಯೆ, ಸ್ಟೇಷನ್ ಹೊರಗಿನ ಬಾರ್. ಜಾಗದ ಹೆಸರಿಟ್ಟು ಪ್ರಾರ್ಥಿಸಿದರೆ ಆ ಜಾಗಕ್ಕೆ ಬಂದಾಗ ನೆನಪಾಗುತ್ತದೆ.

ಇತರರಿಗಾಗಿ ಪ್ರಾರ್ಥನೆಗೆ ವಾರದ ಪಟ್ಟಿ ಮಾಡಿ. ಸೋಮವಾರ ಮನೆಯವರು, ಮಂಗಳವಾರ ಊರಿನ ಬಂಧುಗಳು, ಬುಧವಾರ ಆಫೀಸು, ಗುರುವಾರ ಸಭೆ ಮತ್ತು ಪಾಸ್ಟರ್, ಶುಕ್ರವಾರ ರೋಗಿಗಳು, ಶನಿವಾರ ಈ ಊರು, ದೇಶ. ದಿನಾ ಐವತ್ತು ಹೆಸರು ಓದಿದರೆ ಹಾಜರಿ ಕರೆದ ಹಾಗಾಗುತ್ತದೆ. ಹೆಸರಿನ ಮುಂದೆ ತಾರೀಖು ಹಾಕಿ. ಉತ್ತರ ಬಂದ ದಿನ ಆ ತಾರೀಖನ್ನೂ ಬರೆಯಿರಿ. ವಾಟ್ಸಾಪ್ ಗ್ರೂಪಿನಲ್ಲಿ ಪ್ರಾರ್ಥನಾ ವಿಷಯ ಬಂದರೆ ಕೈಮುಗಿದ ಚಿತ್ರ ಕಳಿಸುವ ಮುಂಚೆ, ಅಲ್ಲೇ, ಒಂದು ವಾಕ್ಯ ಪ್ರಾರ್ಥಿಸಿಬಿಡಿ. ಆಮೇಲೆ ಮಾಡ್ತೀನಿ ಅಂದವರು ಮಾಡುವುದಿಲ್ಲ.

ದನಿಯ ಬಗ್ಗೆ ಒಂದು ಮಾತು. ನಮ್ಮ ಗೋಡೆಗಳು ತೆಳು. ಬೆಳಗ್ಗೆ ಐದೂವರೆಗೆ ಗಟ್ಟಿಯಾಗಿ ಪ್ರಾರ್ಥಿಸಿದರೆ ರಾತ್ರಿ ಪಾಳಿ ಮುಗಿಸಿ ಮಲಗಿದ ನೆರೆಯವರಿಗೆ ತೊಂದರೆ. ಪಿಸುಮಾತು ಸಾಕು.

ಹಂತ 6: ಒಂದು ಸಾಲು ಜೇಬಿಗೆ, ಒಂದು ನಿಮಿಷ

ಓದಿದ ಭಾಗದಿಂದ ಒಂದೇ ಸಾಲನ್ನು ಚೀಟಿಯಲ್ಲಿ ಬರೆದು ರೈಲಿನ ಪಾಸ್ ಇಡುವ ಕವರಿನಲ್ಲಿ ಹಾಕಿ. ಪ್ಲಾಟ್‌ಫಾರ್ಮ್‌ನಲ್ಲಿ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ ನೋಡಿ. ಅಷ್ಟೇ.

ಲೋಕಲ್‌ನಲ್ಲೇ ಮಾಡಿದರೆ ಆಗಲ್ವಾ?

ವಿರಾರ್‌ನಿಂದ ಚರ್ಚ್‌ಗೇಟ್‌ಗೆ 60 ಕಿಲೋಮೀಟರ್. ಸೀಟು ಸಿಕ್ಕರೆ ಓದಬಹುದು. ಆದರೆ ಸೀಟು ಸಿಗುವುದನ್ನು ನೆಚ್ಚಿ ಧ್ಯಾನ ಇಟ್ಟುಕೊಳ್ಳಬೇಡಿ. ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟಿನ ತುದಿಯಲ್ಲಿ ಕೂತು ಅರಿಕೆ ಮಾಡುವುದು ಕಷ್ಟ. ಮನೆಯಲ್ಲಿ ಕೀರ್ತನೆ ಮತ್ತು ಪ್ರಾರ್ಥನೆ ಮುಗಿಸಿ, ಓದನ್ನು ಮಾತ್ರ ರೈಲಿಗೆ ತಳ್ಳಬಹುದು. ನಿಂತು ಹೋಗುವವರು ಕನ್ನಡ ಬೈಬಲ್ ಆಡಿಯೋವನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿ ಒಂದು ಕಿವಿಯಲ್ಲಿ ಕೇಳಲಿ. ಎರಡೂ ಕಿವಿ ಮುಚ್ಚಿಕೊಂಡು ಹಳಿ ಹತ್ತಿರ ನಿಲ್ಲಬೇಡಿ.

ಮನೆಯವರೆಲ್ಲ ಕೂರುವಾಗ

ಕುಟುಂಬ ಪ್ರಾರ್ಥನೆ ಬೇರೆ, ನಿಮ್ಮ ಧ್ಯಾನ ಬೇರೆ. ಒಂದರಲ್ಲಿ ಇನ್ನೊಂದನ್ನು ಮುಗಿಸಲು ನೋಡಬೇಡಿ. ಬೆಳಗ್ಗೆ ಎಲ್ಲರಿಗೂ ಐದು ನಿಮಿಷ ಸಾಕು: ನಾಲ್ಕೈದು ವಚನ, ಒಂದು ಚಿಕ್ಕ ಪ್ರಾರ್ಥನೆ, ಬಾಗಿಲು ದಾಟುವ ಮುಂಚೆ ಬೈಬಲ್‌ನ ಅರಣ್ಯಕಾಂಡ 6:24-26ರ ಆಶೀರ್ವಾದ.

ಇಲ್ಲಿ ಬೆಳೆದ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರ ಕೈಗೆ ಕನ್ನಡ ಸತ್ಯವೇದ ಕೊಟ್ಟು ತಡವರಿಸಿದಾಗ ಬೈದರೆ ಮರುದಿನ ಆ ಮಗು ಬಾತ್‌ರೂಮಿನಲ್ಲಿ ಅಡಗಿಕೊಳ್ಳುತ್ತದೆ. ಮಗು ಮರಾಠಿ ಅಥವಾ ಇಂಗ್ಲಿಷ್ ಬೈಬಲ್‌ನಲ್ಲಿ ಓದಲಿ, ಅಜ್ಜಿ ಅದೇ ಭಾಗವನ್ನು ಕನ್ನಡದಲ್ಲಿ ಓದಲಿ. ಕರ್ತನ ಪ್ರಾರ್ಥನೆಯನ್ನು ಕನ್ನಡದಲ್ಲಿ ಕಿವಿಯಿಂದಲೇ ಕಲಿಸಿ.

ನೀವು ಒಬ್ಬರೇ ಕೂತಾಗ ಮಗು ಎದ್ದು ಬಂದು ಮಡಿಲಲ್ಲಿ ಕೂತರೆ ರೇಗಬೇಡಿ. ಮಾರ್ಕ 1:35ರಲ್ಲಿ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗ ಎದ್ದು ಒಂಟಿಯಾಗಿ ಪ್ರಾರ್ಥನೆಗೆ ಹೋದರು. ಮರು ವಚನದಲ್ಲೇ ಶಿಷ್ಯ ಸೀಮೋನ ಹುಡುಕಿಕೊಂಡು ಬಂದ!

ರಾತ್ರಿ ಪಾಳಿಯವರಿಗೆ

ನಿಮ್ಮ ಬೆಳಗು ಅಂದರೆ ನೀವು ಎದ್ದ ಹೊತ್ತು. ಮಧ್ಯಾಹ್ನ ಮೂರಕ್ಕೆ ಎದ್ದರೆ ಮೂರೂಕಾಲಿಗೆ ಕೂರಿ. ಪಾಳಿ ಮುಗಿಸಿ ಬಂದು ತೂಕಡಿಸುತ್ತಾ ಓದುವುದಕ್ಕಿಂತ ಅದು ಮೇಲು. ಮಲಗುವ ಮುಂಚೆ ಆರು ವಚನದ 23ನೇ ಕೀರ್ತನೆ ಸಾಕು.

ಎಚ್ಚರಿಕೆಯ ಗುರುತುಗಳು

ಓದುವಾಗಲೇ "ಇದನ್ನು ಸ್ಟೇಟಸ್‌ಗೆ ಹಾಕಬೇಕು" ಅಂತ ಅನ್ನಿಸುತ್ತಿದ್ದರೆ ಒಂದು ವಾರ ಯಾವುದನ್ನೂ ಹಂಚಬೇಡಿ.

ಮೂರನೇ ಸಾಲಿನಲ್ಲಿ ಯಾವಾಗಲೂ ಗಂಡನೋ ಸೊಸೆಯೋ ಬದಲಾಗಬೇಕು ಅಂತಲೇ ಬರುತ್ತಿದ್ದರೆ ನೋಟ್‌ಬುಕ್ ತಿರುಗಿಸಿ ಓದಿ. ಅಲ್ಲಿ ನಿಮ್ಮ ಹೆಸರು ಎಷ್ಟು ಸಲ ಇದೆ ನೋಡಿ.

ಧ್ಯಾನ ಮುಗಿಸಿ ಎದ್ದ ಹತ್ತೇ ನಿಮಿಷದಲ್ಲಿ ದಿನಾ ಕೂಗಾಟ ಆಗುತ್ತಿದ್ದರೆ ಹೆಚ್ಚಾಗಿ ನಿದ್ದೆ ಸಾಲುತ್ತಿಲ್ಲ, ಅಥವಾ ಮನೆಗೆಲಸ ಪೂರ್ತಿ ಒಬ್ಬರ ಮೇಲೆ ಬಿದ್ದಿದೆ. ಗಂಡ ಬೈಬಲ್ ಹಿಡಿದು ಕೂತಿದ್ದಾಗ ಹೆಂಡತಿ ಕುಕ್ಕರ್, ನೀರು, ಡಬ್ಬಾ ಮೂರನ್ನೂ ನೋಡುತ್ತಿದ್ದರೆ ಅವಳ 20 ನಿಮಿಷ ಎಲ್ಲಿ? ಸರದಿ ಹಾಕಿಕೊಳ್ಳಿ.

"ಇವತ್ತು ಪ್ರಾರ್ಥನೆ ತಪ್ಪಿತು, ಏನೋ ಕೆಟ್ಟದ್ದು ಆಗುತ್ತದೆ" ಅಂತ ಹೆದರಿಕೆ ಬರುತ್ತಿದ್ದರೆ ಪ್ರಾರ್ಥನೆ ತಾಯತ ಆಗಿಹೋಗಿದೆ. ಪಾಸ್ಟರ್ ಹತ್ತಿರ ಬಿಚ್ಚಿ ಮಾತಾಡಿ. ವಾರಗಟ್ಟಲೆ ಏಳಲಿಕ್ಕೇ ಆಗದಷ್ಟು ಮನಸ್ಸು ಕುಗ್ಗಿದ್ದರೆ ಡಾಕ್ಟರನ್ನೂ ನೋಡಿ. ಅದನ್ನು ವಿಶ್ವಾಸದ ಕೊರತೆ ಅಂತ ಯಾರಾದರೂ ಅಂದರೆ ನಂಬಬೇಡಿ. ಅಂಥ ದಿನಗಳಲ್ಲಿ 13ನೇ ಕೀರ್ತನೆಯೊಂದೇ ಸಾಕು, ಅದು ಶುರುವಾಗುವುದೇ ದೂರಿನಿಂದ.

ತಪ್ಪಿದ ದಿನದ ಮರುದಿನ

ಜ್ವರ, ಮಳೆಗೆ ನಿಂತ ರೈಲು, ಊರಿಂದ ಬಂದ ನೆಂಟರು. ದಿನ ತಪ್ಪುತ್ತದೆ. ಮರುದಿನ ಎರಡು ದಿನದ್ದು ಒಟ್ಟಿಗೆ ಓದಲು ಹೋಗಬೇಡಿ. ಬಾಕಿ ಬೆಳೆಯುತ್ತಾ ಹೋಗಿ ಕೊನೆಗೆ ಪುಸ್ತಕವೇ ಮುಚ್ಚುತ್ತದೆ. ಚೀಟಿ ಎಲ್ಲಿದೆಯೋ ಅಲ್ಲಿಂದ ಮುಂದಕ್ಕೆ ಹೋಗಿ. ಕೀರ್ತನೆ ಮಾತ್ರ ಇವತ್ತಿನ ತಾರೀಖಿನದ್ದು.

ರಜೆಗೆ ಊರಿಗೆ ಹೋದಾಗ 20 ನಿಮಿಷ ಸಿಗುವುದು ಕಷ್ಟ. ಅಲ್ಲಿ ಒಂದು ಕೀರ್ತನೆ, ಕರ್ತನ ಪ್ರಾರ್ಥನೆ, ಅಷ್ಟೇ ಇಟ್ಟುಕೊಳ್ಳಿ. ವಾಪಸ್ ಬಂದ ಮೊದಲ ಮೂರು ದಿನವೂ ಅಷ್ಟೇ ಸಾಕು. ನಾಲ್ಕನೇ ದಿನದಿಂದ ನೋಟ್‌ಬುಕ್ ತೆಗೆಯಿರಿ.